ಸಣ್ಣ ಕಾರ್ಯಾಗಾರಕ್ಕೊಂದು ಹೈಡ್ರಾಲಿಕ್ ಪ್ರೆಸ್: ಕೊಳ್ಳುವುದೋ, ಕಟ್ಟಿಸುವುದೋ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಕೇಳಿದೊಡನೆ ಅಶೋಕನ ಶಾಸನ ನೆನಪಾಗುವುದು ಸಹಜ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಆ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಕಸುಬುದಾರನೊಬ್ಬನು ತನ್ನ ಕೆಲಸಕ್ಕೆ ತನ್ನ ಹೆಸರನ್ನು ಹಾಕಿದ ಪ್ರಾಚೀನ ನಿದರ್ಶನಗಳಲ್ಲಿ ಇದೂ ಒಂದು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅದೇ ಬೆಟ್ಟದ ಬುಡದಲ್ಲಿ ಉತ್ಖನನ ನಡೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಉಪಕರಣಗಳು ದೊರೆತವು. ಈ ಸೀಮೆಯ ಜನರಿಗೂ ಕಬ್ಬಿಣದ ಕೆಲಸಕ್ಕೂ ಇರುವ ನಂಟು ಹೊಸದಲ್ಲ.

ಇಂದು ಆ ನಂಟು ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ, ಟ್ರ್ಯಾಕ್ಟರ್ ಗ್ಯಾರೇಜುಗಳಲ್ಲಿ, ಕೊಳವೆ ಬಾವಿಯ ಮೋಟಾರು ರಿಪೇರಿ ಅಂಗಡಿಗಳಲ್ಲಿ ಮುಂದುವರಿದಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದಾದ ಇಲ್ಲಿ ಶೇಂಗಾ ಮುಖ್ಯ ಬೆಳೆ. ಎಣ್ಣೆ ಮುಖ್ಯ ವ್ಯಾಪಾರ. 1990ರ ದಶಕದ ನಂತರ ಆಮದು ತಾಳೆ ಎಣ್ಣೆಯ ಪೈಪೋಟಿ ಹೆಚ್ಚಿ ಗಿರಣಿಗಳ ಲಾಭಾಂಶ ಕುಗ್ಗಿದೆ. ಹೀಗಿರುವಾಗ ಸುಗ್ಗಿಯ ದಿನಗಳಲ್ಲಿ ಎಕ್ಸ್‌ಪೆಲ್ಲರಿನ ಒಂದು ಬೇರಿಂಗ್ ಹೋಗಿ ಯಂತ್ರ ನಿಂತರೆ, ಬೇರಿಂಗಿನ ಬೆಲೆಗಿಂತ ನಿಂತ ದಿನದ ನಷ್ಟವೇ ದೊಡ್ಡದಾಗುತ್ತದೆ. ಹಳೆಯ ಬೇರಿಂಗನ್ನು ಶಾಫ್ಟಿನಿಂದ ಬಿಡಿಸಿ ಹೊಸದನ್ನು ಕೂರಿಸಲು ಚಿತ್ರದುರ್ಗಕ್ಕೋ ಬಳ್ಳಾರಿಗೋ ಶಾಫ್ಟನ್ನು ಹೊತ್ತೊಯ್ಯಬೇಕಾದರೆ ಆ ದಿನವೇ ಕಳೆದುಹೋಗುತ್ತದೆ. ಈ ಕೆಲಸವನ್ನು ಸ್ಥಳದಲ್ಲೇ ಮುಗಿಸಲು ಬೇಕಾದ ಸಾಧನವೆಂದರೆ ಕೈಯಿಂದ ನಡೆಸುವ ಸಣ್ಣ ಹೈಡ್ರಾಲಿಕ್ ಪ್ರೆಸ್. ಅದನ್ನು ಕೊಳ್ಳುವುದು ಲೇಸೋ, ಕಟ್ಟಿಸಿಕೊಳ್ಳುವುದು ಲೇಸೋ ಎಂಬುದನ್ನು ನಿರ್ಧರಿಸಲು ಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಸುತ್ತಿಗೆ ಏಕೆ ಸಲ್ಲದು?

ಪ್ರೆಸ್ ಇಲ್ಲದ ಅಂಗಡಿಗಳಲ್ಲಿ ಸುತ್ತಿಗೆ ಮತ್ತು ಪೈಪಿನ ತುಂಡೇ ಆಸರೆ. ಬೇರಿಂಗಿನಲ್ಲಿ ಒಳಬಳೆ, ಹೊರಬಳೆ ಮತ್ತು ಅವುಗಳ ನಡುವೆ ಗುಂಡುಗಳು ಇರುತ್ತವೆ. ಶಾಫ್ಟಿಗೆ ಬಿಗಿಯಾಗಿ ಕೂರುವುದು ಒಳಬಳೆ. ಹೊರಬಳೆಯ ಮೇಲೆ ಹೊಡೆದಾಗ ಆ ಪೆಟ್ಟು ಗುಂಡುಗಳ ಮೂಲಕವೇ ಒಳಬಳೆಗೆ ತಲುಪಬೇಕು. ಗುಂಡು ಮತ್ತು ಬಳೆ ಒಂದನ್ನೊಂದು ಮುಟ್ಟುವ ಜಾಗ ಅತಿ ಚಿಕ್ಕದಾದ್ದರಿಂದ ಅಲ್ಲಿ ಒತ್ತಡ ಮಿತಿಮೀರಿ, ಗುಂಡು ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳು ಬೀಳುತ್ತವೆ. ಹೊಸ ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡತೊಡಗಿ ಕೆಲವೇ ವಾರಗಳಲ್ಲಿ ಕೈಕೊಡುತ್ತದೆ. ಗಿರಾಕಿಯು ಮಾಲು ನಕಲಿಯೆಂದು ಅಂಗಡಿಯವರನ್ನು ದೂರುತ್ತಾನೆ. ಅಂಗಡಿಯವರು ಕಂಪನಿಯನ್ನು ದೂರುತ್ತಾರೆ. ನಿಜವಾದ ದೋಷವಿರುವುದು ಅದನ್ನು ಕೂರಿಸಿದ ವಿಧಾನದಲ್ಲಿ.

ನಿಯಮ ಸರಳವಾಗಿದೆ. ಶಾಫ್ಟಿನ ಮೇಲೆ ಕೂರಿಸುವಾಗ ಒಳಬಳೆಯನ್ನು ಮಾತ್ರ ಒತ್ತಬೇಕು. ಹೌಸಿಂಗಿನ ಒಳಗೆ ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು. ಒತ್ತುವ ಬಲವು ನೇರವಾಗಿ, ನಿಧಾನವಾಗಿ, ಸುತ್ತಲೂ ಸಮನಾಗಿ ಬೀಳಬೇಕು. ಸುತ್ತಿಗೆಯಿಂದ ಈ ಮೂರೂ ಸಾಧ್ಯವಿಲ್ಲ. ಪ್ರೆಸ್ಸಿನಿಂದ ಮೂರೂ ಸಾಧ್ಯ.

ಬಲ ಹುಟ್ಟುವ ಬಗೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟರು. ಈ ತತ್ತ್ವವನ್ನು ಯಂತ್ರಕ್ಕಿಳಿಸಿ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಲಾರಿ ಚಾಲಕರ ಬಳಿ ಇರುವ ಬಾಟಲ್ ಜಾಕ್ ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತದೆ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಜಾಕಿನ ಹಿಡಿಕೆಯ ಮೇಲೆ ಕೈಯಿಂದ 40 ಕೆ.ಜಿ. ಬಲ ಹಾಕಿದರೆ, ಸನ್ನೆಯ ಅನುಪಾತ 20 ಆಗಿದ್ದಲ್ಲಿ, ಒಳಗಿನ ಸಣ್ಣ ಪಿಸ್ಟನ್ನಿನ ಮೇಲೆ 800 ಕೆ.ಜಿ. ಬೀಳುತ್ತದೆ. ಆ ಪಿಸ್ಟನ್ನಿನ ವ್ಯಾಸ 12 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 1.13 ಚದರ ಸೆಂ.ಮೀ.; ಆಗ ಎಣ್ಣೆಯಲ್ಲಿ ಹುಟ್ಟುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 707 ಕೆ.ಜಿ. ಅದೇ ಒತ್ತಡ 60 ಮಿ.ಮೀ. ವ್ಯಾಸದ ದೊಡ್ಡ ಪಿಸ್ಟನ್ನಿನ 28.27 ಚದರ ಸೆಂ.ಮೀ. ವಿಸ್ತೀರ್ಣದ ಮೇಲೆ ಬಿದ್ದಾಗ ಹೊಮ್ಮುವ ಬಲ ಸುಮಾರು 20 ಟನ್. ಬಲ ಹೆಚ್ಚಿದಷ್ಟೂ ಚಲನೆ ಕಡಿಮೆಯಾಗುತ್ತದೆ. ಸಣ್ಣ ಪಿಸ್ಟನ್ 25 ಮಿ.ಮೀ. ಇಳಿದಾಗ ದೊಡ್ಡದು ಏರುವುದು 1 ಮಿ.ಮೀ. ಮಾತ್ರ. ಬೇರಿಂಗ್ ಕೂರಿಸುವ ಕೆಲಸಕ್ಕೆ ಈ ನಿಧಾನವೇ ಗುಣ.

ಎಷ್ಟು ಟನ್ ಬೇಕು?

ಖರೀದಿದಾರರು ಮೊದಲು ತಪ್ಪುವುದು ಇಲ್ಲಿಯೇ. 40 ಮಿ.ಮೀ. ಒಳವ್ಯಾಸ, 23 ಮಿ.ಮೀ. ಅಗಲದ ಬೇರಿಂಗನ್ನು ಅದರ ಒಳವ್ಯಾಸಕ್ಕಿಂತ 0.02 ಮಿ.ಮೀ. ದಪ್ಪವಿರುವ ಶಾಫ್ಟಿನ ಮೇಲೆ ಕೂರಿಸಲು ಬೇಕಾಗುವುದು ಸುಮಾರು 1 ಟನ್ ಬಲ. ಆದರೆ ವರ್ಷಗಟ್ಟಲೆ ಧೂಳು, ನೀರು, ಹಿಂಡಿಯ ಪುಡಿ ಸೇರಿ ತುಕ್ಕು ಹಿಡಿದ ಬೇರಿಂಗನ್ನು ಬಿಡಿಸಲು ಅದರ ಹಲವು ಪಟ್ಟು ಬಲ ಬೇಕಾಗುತ್ತದೆ. ಆದ್ದರಿಂದ ಪ್ರೆಸ್ಸಿನ ಅಳತೆಯನ್ನು ಕೂರಿಸುವ ಕೆಲಸದಿಂದ ನಿಶ್ಚಯಿಸದೆ, ಬಿಡಿಸುವ ಕೆಲಸದಿಂದ ನಿಶ್ಚಯಿಸಬೇಕು.

ಮೋಟಾರು, ಪಂಪು ಮತ್ತು ದ್ವಿಚಕ್ರ ವಾಹನಗಳ ರಿಪೇರಿಗೆ 10 ಟನ್ ಸಾಕು. ಟ್ರ್ಯಾಕ್ಟರ್, ಎಕ್ಸ್‌ಪೆಲ್ಲರ್, ಶೇಂಗಾ ಸುಲಿಯುವ ಯಂತ್ರಗಳ ಕೆಲಸಕ್ಕೆ 20 ಟನ್ ಸೂಕ್ತ. ಲಾರಿಗಳ ಕಿಂಗ್ ಪಿನ್, ದೊಡ್ಡ ಬುಷ್‌ಗಳ ಕೆಲಸವನ್ನೇ ಮುಖ್ಯವಾಗಿ ಮಾಡುವವರು 30 ಟನ್ ಅಥವಾ ಹೆಚ್ಚಿನದನ್ನು ಪರಿಗಣಿಸಬಹುದು. ಅಗತ್ಯಕ್ಕಿಂತ ಬಹಳ ದೊಡ್ಡ ಪ್ರೆಸ್ಸಿನಲ್ಲಿ ಸಣ್ಣ ಕೆಲಸ ಮಾಡುವಾಗ ಹಿಡಿಕೆಗೆ ಪ್ರತಿರೋಧವೇ ತಿಳಿಯದೆ ಭಾಗ ಮುರಿಯುವ ಸಂಭವವಿದೆ.

ಕಟ್ಟಿಸಿಕೊಳ್ಳುವವರು ಅರಿಯಬೇಕಾದ ಲೆಕ್ಕ

ಎರಡು ಕಂಬ, ಮೇಲೊಂದು ಅಡ್ಡತೊಲೆ, ಕೆಳಗೆ ಪಿನ್ನುಗಳ ಮೇಲೆ ಕೂರುವ ಏರಿಳಿಸಬಹುದಾದ ಹಾಸು ಮತ್ತು ನಡುವೆ ಒಂದು ಬಾಟಲ್ ಜಾಕ್: ಪ್ರೆಸ್ಸಿನ ರಚನೆ ಇಷ್ಟೇ. ನೋಡಲು ಸುಲಭವಾದ್ದರಿಂದಲೇ ಅನೇಕರು ಗುಜರಿಯಲ್ಲಿ ಸಿಕ್ಕ ಚಾನಲ್ ತಂದು ವೆಲ್ಡಿಂಗ್ ಮಾಡಿಸುತ್ತಾರೆ. 20 ಟನ್ ಎಂದರೆ ತುಂಬಿದ ಲಾರಿಯ ಭಾರ. ಅದು ಎರಡು ಅಡಿ ಅಗಲದ ಚೌಕಟ್ಟಿನೊಳಗೆ ಅಡಗಿರುತ್ತದೆ ಎಂಬುದನ್ನು ಮರೆಯಬಾರದು.

ಅಡ್ಡತೊಲೆಯ ಎರಡು ಆಧಾರಗಳ ನಡುವಣ ಅಂತರ 500 ಮಿ.ಮೀ. ಎಂದಿಟ್ಟುಕೊಳ್ಳೋಣ. ಮಧ್ಯದಲ್ಲಿ 20 ಟನ್ ಬಿದ್ದಾಗ ತೊಲೆಯನ್ನು ಬಗ್ಗಿಸುವ ಪರಿಣಾಮ 2,50,000 ಕೆ.ಜಿ.-ಸೆಂ.ಮೀ. ಆಗುತ್ತದೆ. ಇದನ್ನು ಕಂಬದ ಮುಂದೊಂದು, ಹಿಂದೊಂದು ಎಂದು ಜೋಡಿಸಿದ ಎರಡು ಚಾನಲ್‌ಗಳು ಹೊರಬೇಕು. ಸಾಮಾನ್ಯ ಮೆದು ಉಕ್ಕಿನ ಬಳಕೆಯ ಮಿತಿ ಚದರ ಸೆಂ.ಮೀ.ಗೆ ಸುಮಾರು 1,680 ಕೆ.ಜಿ.; ಸುಮಾರು 2,550 ಕೆ.ಜಿ. ತಲುಪಿದಾಗ ಅದು ಶಾಶ್ವತವಾಗಿ ಬಾಗತೊಡಗುತ್ತದೆ. ಐಎಸ್‌ಎಂಸಿ 100 ಚಾನಲ್ ಎರಡನ್ನು ಬಳಸಿದರೆ ಒತ್ತಡ ಸುಮಾರು 3,350 ಕೆ.ಜಿ. ಆಗುತ್ತದೆ, ತೊಲೆ ಬಾಗುವುದು ನಿಶ್ಚಿತ. ಐಎಸ್‌ಎಂಸಿ 125 ಬಳಸಿದರೆ ಸುಮಾರು 1,880 ಕೆ.ಜಿ.; ಬಾಗದಿದ್ದರೂ ಮಿತಿ ಮೀರಿದೆ. ಐಎಸ್‌ಎಂಸಿ 150 ಬಳಸಿದರೆ ಸುಮಾರು 1,200 ಕೆ.ಜಿ.; ಇದು ಸುರಕ್ಷಿತ. ಐಎಸ್‌ಎಂಸಿ 100ರಿಂದ ಮಾಡಿದ ಅದೇ ಅಗಲದ ಚೌಕಟ್ಟು 10 ಟನ್ನಿಗಷ್ಟೇ, ಅದೂ ಮಿತಿಯ ಅಂಚಿನಲ್ಲಿ, ಒಪ್ಪುತ್ತದೆ. ಚಾನಲ್ ಕೊಳ್ಳುವಾಗ ಐಎಸ್ 2062 ಮಾನಕದ ಗುರುತು ಇರುವುದನ್ನು ಕೇಳಿ ಪಡೆಯಬೇಕು. ಮೂಲ ತಿಳಿಯದ ಗುಜರಿ ಉಕ್ಕಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಎರಡನೆಯದು, ಜಾಕಿನ ಪಿಸ್ಟನ್ ಒತ್ತುವ ತಟ್ಟೆ. ಮುಂದಿನ ಮತ್ತು ಹಿಂದಿನ ಚಾನಲ್‌ಗಳ ನಡುವೆ 150 ಮಿ.ಮೀ. ತೆರಪಿದ್ದರೆ, 200 ಮಿ.ಮೀ. ಅಗಲದ 25 ಮಿ.ಮೀ. ದಪ್ಪದ ತಟ್ಟೆಯೂ 20 ಟನ್ನಿಗೆ ಬಾಗುತ್ತದೆ, 40 ಮಿ.ಮೀ. ದಪ್ಪದ್ದು ತಡೆಯುತ್ತದೆ. ಚೌಕಟ್ಟು ಗಟ್ಟಿಯಾಗಿದ್ದೂ ತಟ್ಟೆ ತೆಳುವಾದ ಕಾರಣ ಕೆಟ್ಟ ಪ್ರೆಸ್ಸುಗಳು ಕಡಿಮೆಯಲ್ಲ.

ಮೂರನೆಯದು, ಹಾಸನ್ನು ಹೊರುವ ಪಿನ್ನುಗಳು. ಎಡಕ್ಕೊಂದು, ಬಲಕ್ಕೊಂದು ಪಿನ್ ಇರುವಲ್ಲಿ ಪ್ರತಿ ಪಿನ್ನಿಗೂ 10 ಟನ್ ಬೀಳುತ್ತದೆ. 25 ಮಿ.ಮೀ. ಪಿನ್ ಕತ್ತರಿಸುವ ಬಲದ ಮಿತಿಯಲ್ಲೇ ನಿಲ್ಲುತ್ತದೆ. ಆದ್ದರಿಂದ 32 ಮಿ.ಮೀ. ಪಿನ್ ಬಳಸುವುದು ಯುಕ್ತ. ಕಬ್ಬಿಣದ ಸಲಾಕೆಯ ತುಂಡನ್ನು ಪಿನ್ನಿನ ಬದಲು ತೂರಿಸುವ ರೂಢಿಯನ್ನು ಬಿಡಬೇಕು. ರಂಧ್ರಗಳನ್ನು ಗ್ಯಾಸ್ ಕಟ್ಟರಿನಿಂದ ಮಾಡದೆ ಡ್ರಿಲ್ ಮಾಡಿಸಬೇಕು. ಎರಡು ಕಂಬಗಳ ರಂಧ್ರಗಳು ಒಂದೇ ಮಟ್ಟದಲ್ಲಿರಬೇಕು. ಹಾಸು ವಾರೆಯಾದರೆ ಒತ್ತುವ ಭಾಗ ಪಕ್ಕಕ್ಕೆ ಜಾರಿ ಚಿಮ್ಮುತ್ತದೆ.

ಮೇಲಿನ ತೊಲೆಯ ಭಾರವನ್ನು ಬರಿಯ ವೆಲ್ಡಿಂಗಿನ ಮೇಲೆ ಬಿಡಬಾರದು. ಪ್ರತಿ ಬದಿಗೆ 24 ಮಿ.ಮೀ. ವ್ಯಾಸದ, 8.8 ದರ್ಜೆಯ ಎರಡೆರಡು ಬೋಲ್ಟ್ ಹಾಕುವುದು ಲೇಸು. ಬೆಸುಗೆಯೊಳಗಿನ ದೋಷ ಹೊರಗೆ ಕಾಣಿಸುವುದಿಲ್ಲ. ಬೋಲ್ಟಿನ ಸಡಿಲ ಕಣ್ಣಿಗೆ ಬೀಳುತ್ತದೆ.

ಜಾಕನ್ನು ಇರಿಸುವ ಬಗೆಯೂ ಮುಖ್ಯ. ಸಾಮಾನ್ಯ ಬಾಟಲ್ ಜಾಕನ್ನು ತಲೆಕೆಳಗು ಮಾಡಿದರೆ ಪಂಪಿಗೆ ಎಣ್ಣೆಯ ಬದಲು ಗಾಳಿ ಹೋಗಿ ಕೆಲಸ ನಿಲ್ಲುತ್ತದೆ. ಆದ್ದರಿಂದ ಅದನ್ನು ಜಾರುವ ಪೀಠವೊಂದರ ಮೇಲೆ ನೆಟ್ಟಗೆ ಕೂರಿಸಬೇಕು. ಪಿಸ್ಟನ್ ಮೇಲಿನ ತೊಲೆಗೆ ಒತ್ತಿದಾಗ ಪೀಠ ಕೆಳಗಿಳಿದು ಕೆಲಸವನ್ನು ಒತ್ತುತ್ತದೆ. ಜಾಕ್ ಸಡಿಲಿಸಿದಾಗ ಎರಡು ಬದಿಯ ಸ್ಪ್ರಿಂಗುಗಳು ಪೀಠವನ್ನು ಮೇಲಕ್ಕೆಳೆಯುತ್ತವೆ.

ಹೊಸ ಚೌಕಟ್ಟನ್ನು ನೇರವಾಗಿ ಕೆಲಸಕ್ಕೆ ಹಚ್ಚಬಾರದು. ದಪ್ಪ ಉಕ್ಕಿನ ತುಂಡನ್ನು ಹಾಸಿನ ಮೇಲಿಟ್ಟು ಮೊದಲು 5 ಟನ್, ಬಳಿಕ 10, 15, ಕೊನೆಗೆ 20 ಟನ್ ಒತ್ತಡ ಹಾಕಿ ಪ್ರತಿ ಹಂತದಲ್ಲೂ ಐದು ನಿಮಿಷ ಬಿಟ್ಟು ದೂರದಿಂದ ಪರಿಶೀಲಿಸಬೇಕು. ಮೇಲಿನ ಐಎಸ್‌ಎಂಸಿ 150 ಜೋಡಿ 20 ಟನ್ನಿಗೆ ಲೆಕ್ಕದ ಪ್ರಕಾರ ಸುಮಾರು 0.16 ಮಿ.ಮೀ. ಬಾಗುತ್ತದೆ, ಕೀಲುಗಳು ಕೂರುವುದರಿಂದ ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಾಣಬಹುದು. ಒತ್ತಡ ಬಿಟ್ಟ ಕೂಡಲೇ ತೊಲೆ ಮೊದಲಿನ ಸ್ಥಿತಿಗೆ ಮರಳಬೇಕು. ಮರಳದಿದ್ದರೆ ಆ ಚೌಕಟ್ಟು ಪ್ರೆಸ್ಸಿಗೆ ಯೋಗ್ಯವಲ್ಲ.

ಸಿದ್ಧ ಪ್ರೆಸ್ ಕೊಳ್ಳುವವರಿಗೆ

ಅಂಗಡಿಯಲ್ಲಿ ದೊರೆಯುವ ಪ್ರೆಸ್ಸುಗಳಲ್ಲಿ ಟನ್ನಿನ ಸಂಖ್ಯೆ ಅನೇಕ ವೇಳೆ ಜಾಕಿನದ್ದಾಗಿರುತ್ತದೆ, ಚೌಕಟ್ಟಿನದ್ದಲ್ಲ. ಆದ್ದರಿಂದ ಚೌಕಟ್ಟಿನ ಸಾಮರ್ಥ್ಯವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಯಂತ್ರದ ತೂಕ ಕೇಳುವುದು ಇನ್ನೊಂದು ಸುಲಭ ಪರೀಕ್ಷೆ. ಮೇಲೆ ಹೇಳಿದ ಚೌಕಟ್ಟಿಗೆ 1.7 ಮೀಟರಿನ ಎರಡು ಕಂಬ, 0.75 ಮೀಟರಿನ ನಾಲ್ಕು ಅಡ್ಡತೊಲೆ ಸೇರಿ 6.4 ಮೀಟರ್ ಐಎಸ್‌ಎಂಸಿ 150 ಚಾನಲ್ ಬೇಕು. ಮೀಟರಿಗೆ 16.8 ಕೆ.ಜಿ.ಯಂತೆ ಅದೇ ಸುಮಾರು 108 ಕೆ.ಜಿ. ಆಗುತ್ತದೆ, ತಟ್ಟೆ, ಪೀಠ, ಪಾದ, ಪಿನ್ನುಗಳು ಸೇರಿ 160ರಿಂದ 180 ಕೆ.ಜಿ. ತಲುಪುತ್ತದೆ. ಇದೇ ಅಗಲದ 20 ಟನ್ನಿನ ಪ್ರೆಸ್ ಇದರ ಅರ್ಧದಷ್ಟೇ ತೂಗಿದರೆ, ಕಡಿಮೆ ಉಕ್ಕಿನಲ್ಲಿ ಅಷ್ಟು ಬಲ ಹೇಗೆ ಬಂತೆಂದು ಮಾರಾಟಗಾರರನ್ನು ಕೇಳುವ ಹಕ್ಕು ಗ್ರಾಹಕರಿಗಿದೆ.

ಒತ್ತಡ ತೋರಿಸುವ ಗೇಜ್ ಇರುವ ಪ್ರೆಸ್ಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. 60 ಮಿ.ಮೀ. ಪಿಸ್ಟನ್ನಿನಲ್ಲಿ ಗೇಜ್ 354 ತೋರಿಸಿದರೆ ಬಲ 10 ಟನ್ ಎಂದರ್ಥ. ಭಾಗ ಅಲುಗದೆ ಮುಳ್ಳು ಮಾತ್ರ ಏರುತ್ತಿದ್ದರೆ ಎಲ್ಲೋ ಲಾಕ್ ರಿಂಗ್ ತೆಗೆಯುವುದು ಮರೆತಿದೆ ಎಂದು ಮೊದಲೇ ತಿಳಿಯುತ್ತದೆ. ಗೇಜ್ ಇಲ್ಲದ ಜಾಕಿಗೆ ರಂಧ್ರ ಕೊರೆದು ಗೇಜ್ ಕೂರಿಸುವ ಸಾಹಸ ಸಲ್ಲದು.

1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾಲದಿಂದ ಮಧ್ಯ ಕರ್ನಾಟಕದ ಕಾರ್ಯಾಗಾರಗಳಿಗೆ ಯಂತ್ರೋಪಕರಣಗಳ ಪರಿಚಯ ಚೆನ್ನಾಗಿಯೇ ಇದೆ. ಹಳೆಯ ಯಂತ್ರ ಕೊಂಡು ಬಳಸುವ ರೂಢಿಯೂ ಇದೆ. ಹಳೆಯ ಪ್ರೆಸ್ ಕೊಳ್ಳುವಾಗ ಮೂರು ಪರೀಕ್ಷೆಗಳು ಸಾಕು. ತೊಲೆಯ ಉದ್ದಕ್ಕೂ ದಾರ ಎಳೆದು ಹಿಡಿದು ಬಾಗಿದೆಯೇ ಎಂದು ನೋಡುವುದು; ಪಿನ್ನಿನ ರಂಧ್ರಗಳು ಮೊಟ್ಟೆಯಾಕಾರಕ್ಕೆ ಎಳೆದಿವೆಯೇ ಎಂದು ನೋಡುವುದು; ಅರ್ಧ ಒತ್ತಡ ಹಾಕಿ ಹತ್ತು ನಿಮಿಷ ಬಿಟ್ಟು ಜಾಕ್ ತಾನಾಗಿ ಇಳಿಯುತ್ತದೆಯೇ ಎಂದು ನೋಡುವುದು. ಜಾಕ್ ಇಳಿದರೆ ಸೀಲ್ ಬದಲಿಸಿ ಸರಿಪಡಿಸಬಹುದು. ತೊಲೆ ಬಾಗಿದ್ದರೆ ಆ ಯಂತ್ರಕ್ಕೆ ಗುಜರಿಯ ಬೆಲೆಗಿಂತ ಹೆಚ್ಚು ಕೊಡಬಾರದು.

ಹಣದ ಲೆಕ್ಕ

ಕಟ್ಟಿಸುವ ವೆಚ್ಚವನ್ನು ತಿಳಿಯಲು 180 ಕೆ.ಜಿ. ಉಕ್ಕನ್ನು ಅಂದಿನ ಪೇಟೆ ದರದಿಂದ ಗುಣಿಸಿ, ಅದಕ್ಕೆ ಜಾಕ್, ಬೋಲ್ಟ್, ಡ್ರಿಲ್ಲಿಂಗ್, ವೆಲ್ಡಿಂಗ್ ಕೂಲಿ ಮತ್ತು ಬಣ್ಣದ ಖರ್ಚನ್ನು ಸೇರಿಸಬೇಕು. ಸ್ವಂತ ವೆಲ್ಡಿಂಗ್ ಮತ್ತು ಡ್ರಿಲ್ಲಿಂಗ್ ಯಂತ್ರವಿರುವವರಿಗೆ ಮಾತ್ರ ಕಟ್ಟಿಸುವುದರಲ್ಲಿ ನಿಜವಾದ ಉಳಿತಾಯವಿದೆ. ಎಲ್ಲವನ್ನೂ ಹೊರಗೆ ಕೂಲಿಗೆ ಮಾಡಿಸುವವರಿಗೆ ಸಿದ್ಧ ಪ್ರೆಸ್ಸಿನ ಬೆಲೆಗೂ ಇದಕ್ಕೂ ಅಂತರ ಉಳಿಯುವುದು ವಿರಳ. ಮೇಲಾಗಿ ಖಾತರಿಯೂ ಇರುವುದಿಲ್ಲ. ಜಿಎಸ್‌ಟಿ ನೋಂದಣಿಯುಳ್ಳವರು ತೆರಿಗೆ ಬಿಲ್ ಪಡೆದು ಯಂತ್ರದ ಮೇಲಿನ ತೆರಿಗೆಯನ್ನು ಜಮಾ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಅವಕಾಶವಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗಿನ ಸಾಲ ಇಂತಹ ಉಪಕರಣಗಳಿಗೆ ಅನುಕೂಲಕರವಾಗಿದೆ.

ಪ್ರೆಸ್ ತಂದ ಅಂಗಡಿಗೆ ಸುತ್ತಲಿನ ಗಿರಣಿ, ಗ್ಯಾರೇಜುಗಳ ಕೆಲಸವೂ ಬರತೊಡಗುತ್ತದೆ. ವಾರಕ್ಕೆ ಎಷ್ಟು ಬೇರಿಂಗ್, ಬುಷ್ ಕೆಲಸಕ್ಕಾಗಿ ಹೊರಗೆ ಹಣ ತೆರಲಾಗುತ್ತಿದೆ ಎಂಬುದನ್ನು ಎರಡು ತಿಂಗಳು ಬರೆದಿಟ್ಟರೆ, ಯಂತ್ರದ ಬೆಲೆ ಎಷ್ಟು ಕಾಲದಲ್ಲಿ ಮರಳುತ್ತದೆ ಎಂಬುದು ಸ್ವಂತ ಪುಸ್ತಕದಿಂದಲೇ ತಿಳಿಯುತ್ತದೆ. ಅಷ್ಟು ಕೆಲಸವಿಲ್ಲದಿದ್ದಲ್ಲಿ ನೆರೆಯ ಇಬ್ಬರು ಮೂವರು ಸೇರಿ ಒಂದನ್ನು ಕೊಳ್ಳುವುದೂ ವಿವೇಕವೇ.

ಸುರಕ್ಷತೆ ಮತ್ತು ಪಾಲನೆ

ಪ್ರೆಸ್ ಸದ್ದು ಮಾಡುವುದಿಲ್ಲ. ಹಾಗಾಗಿ ಅದರ ಅಪಾಯವೂ ಮುನ್ಸೂಚನೆ ಕೊಡುವುದಿಲ್ಲ. ಬೇರಿಂಗಿನ ಬಳೆ ಗಡಸು ಉಕ್ಕಿನದು; ಮಿತಿಮೀರಿದಾಗ ಬಾಗದೆ ಒಡೆದು ಚೂರಾಗಿ ಸಿಡಿಯುತ್ತದೆ. ಹೊರಬಳೆ ಹಿಡಿದು ಬೇರಿಂಗ್ ಬಿಡಿಸುವಾಗ ದಪ್ಪ ಕ್ಯಾನ್ವಾಸ್ ಅಥವಾ ತಗಡಿನ ಮರೆ ಕಟ್ಟಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಒತ್ತುವಾಗ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಬೀಡಿನ ತುಂಡುಗಳನ್ನು ಆಧಾರವಾಗಿ ಇಡಬಾರದು. ಒತ್ತಡಕ್ಕೆ ಅವು ಸೀಳುತ್ತವೆ. ಜಾಕಿನ ಹಿಡಿಕೆಗೆ ಉದ್ದ ಪೈಪು ತೂರಿಸುವುದೆಂದರೆ ಚೌಕಟ್ಟಿನ ಲೆಕ್ಕವನ್ನೇ ಅಳಿಸಿದಂತೆ. ಭಾಗ ಅಲುಗದಿದ್ದಲ್ಲಿ ಒತ್ತಡ ಇಳಿಸಿ ಕಾರಣ ಹುಡುಕಬೇಕು. ಹೊಸ ಬೇರಿಂಗ್ ಸುಲಭವಾಗಿ ಕೂರಲು ಅದನ್ನು ಎಣ್ಣೆಯಲ್ಲಿ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಹುದು. ಗ್ಯಾಸ್ ಜ್ವಾಲೆಯನ್ನು ನೇರವಾಗಿ ಹಿಡಿಯಬಾರದು.

ಜಾಕಿಗೆ ತಯಾರಕರು ಹೇಳಿದ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕು. ಬ್ರೇಕ್ ಆಯಿಲ್ ಹಾಕಿದರೆ ಸಾಮಾನ್ಯ ಜಾಕಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಎಣ್ಣೆಯ ಊರಿನಲ್ಲಿ ಶೇಂಗಾ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ಅದು ಕಾಲಕ್ರಮದಲ್ಲಿ ಅಂಟಾಗಿ ವಾಲ್ವುಗಳನ್ನು ಕಟ್ಟಿಹಾಕುತ್ತದೆ. ಕೆಲಸ ಮುಗಿದ ಮೇಲೆ ಪಿಸ್ಟನ್ನನ್ನು ಪೂರ್ತಿ ಒಳಗಿಳಿಸಿ ಇಟ್ಟರೆ ಈ ಸೀಮೆಯ ಧೂಳು ಅದಕ್ಕೆ ಹತ್ತುವುದಿಲ್ಲ. ಪಿನ್, ಬೋಲ್ಟ್, ಬೆಸುಗೆಗಳನ್ನು ಸುಗ್ಗಿಗೆ ಮುನ್ನ ಒಮ್ಮೆ, ಮುಗಿದ ಬಳಿಕ ಒಮ್ಮೆ ಪರಿಶೀಲಿಸಿದರೆ ಸಾಕು.

ಒಟ್ಟಿನಲ್ಲಿ, ವೆಲ್ಡಿಂಗ್ ಮತ್ತು ಡ್ರಿಲ್ಲಿಂಗಿನ ಸ್ವಂತ ಅನುಕೂಲವಿದ್ದು ಮೇಲಿನ ಲೆಕ್ಕಕ್ಕೆ ಬದ್ಧರಾಗಿ ಉಕ್ಕು ಹಾಕುವವರು ಕಟ್ಟಿಸಿಕೊಳ್ಳಬಹುದು; ಉಳಿದವರು ಚೌಕಟ್ಟಿನ ತೂಕ ಮತ್ತು ಲಿಖಿತ ಸಾಮರ್ಥ್ಯ ನೋಡಿ ಕೊಳ್ಳುವುದೇ ಕ್ಷೇಮ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಉಕ್ಕಿನಲ್ಲಿ ಮಾಡುವ ಉಳಿತಾಯ ಉಳಿತಾಯವಲ್ಲ. ಅದರ ಬೆಲೆಯನ್ನು ಕೊನೆಗೆ ತೆರುವುದು ಹಿಡಿಕೆ ಹಿಡಿದ ಕೆಲಸಗಾರ.